ಮೂವತ್ತೆರಡು ಡಿಗ್ರಿಯ ಅಳಿಯ

ಬೀಳದೆ ಇರುವುದಕ್ಕೆ ಸಂಬಳ ಪಡೆಯುವವರು ಈ ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ವಿದ್ಯುತ್ ಕಂಬ ಹತ್ತುವವರು, ಹಗ್ಗದ ಮೇಲೆ ನಡೆಯುವವರು, ಮಂತ್ರಿಗಳು. ಆದರೆ ಬೀಳುವುದಕ್ಕೆಂದೇ ನೇಮಕವಾಗಿ, ಚೆನ್ನಾಗಿ ಬಿದ್ದನೆಂದು ಬಡ್ತಿ ಪಡೆದವನು ನಮ್ಮ ಕಥಾನಾಯಕನೊಬ್ಬನೇ ಇರಬೇಕು. ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೂ ಒಂದಿತ್ತು. ಆದರೆ ಕೆಲಸದ ಜಾಗದಲ್ಲಿ ಯಾರೂ ಆ ಹೆಸರಿನಿಂದ ಕರೆದವರಲ್ಲ. ಅಲ್ಲಿ ಅವನು ಜಾರುಬಂಡೆ.

ಅದು ಟೈಲ್ಸ್ ಪರೀಕ್ಷಿಸುವ ಪ್ರಯೋಗಾಲಯ. ಒಂದು ಮಂಚದಷ್ಟು ದೊಡ್ಡ ಹಲಗೆಯ ಮೇಲೆ ಹೊಸ ಟೈಲ್ಸ್ ಜೋಡಿಸಿ, ಮೇಲೆ ಸೋಪಿನ ನೀರು ಹರಿಸುತ್ತಾರೆ. ಜಾರುಬಂಡೆ ಬರಿಗಾಲಲ್ಲಿ ಅದರ ಮೇಲೆ ನಿಂತು ಪುಟ್ಟ ಪುಟ್ಟ ಹೆಜ್ಜೆ ಇಡುತ್ತಾ ಹಿಂದಕ್ಕೂ ಮುಂದಕ್ಕೂ ನಡೆಯಬೇಕು. ಅಷ್ಟರಲ್ಲಿ ಮೋಟಾರು ಹಲಗೆಯ ಒಂದು ತುದಿಯನ್ನು ನಿಧಾನವಾಗಿ ಮೇಲೆತ್ತುತ್ತಾ ಹೋಗುತ್ತದೆ. ಹಲಗೆ ಎಷ್ಟು ಡಿಗ್ರಿ ಓರೆಯಾದಾಗ ಅವನು ಜಾರುತ್ತಾನೋ ಅದೇ ಆ ಟೈಲ್ಸಿನ ಅಂಕ. ಮೂಗು ಒಡೆದುಕೊಳ್ಳಬಾರದೆಂದು ಸೊಂಟಕ್ಕೊಂದು ಬೆಲ್ಟು, ಬೆಲ್ಟಿಗೆ ಚಾವಣಿಯಿಂದ ಇಳಿಬಿಟ್ಟ ಹಗ್ಗ, ಹಗ್ಗವನ್ನು ಉದ್ದ ಗಿಡ್ಡ ಮಾಡಿಕೊಳ್ಳಲು ಅದರಲ್ಲಿ ಸಾಲಾಗಿ ಕೊಂಡಿಗಳು. ಬಿದ್ದ ಮೇಲೆ ಒಣಹಾಕಿದ ಬಟ್ಟೆಯ ಹಾಗೆ ನೇತಾಡುತ್ತಾ ಅವನು ಸ್ಪಷ್ಟವಾಗಿ ಹೇಳುತ್ತಿದ್ದ: "ಬಿದ್ದೆ, ಬರ್ಕೊಳ್ಳಿ."

ಇಂಥ ಉದ್ಯೋಗವನ್ನು ಹೆಣ್ಣು ಕೊಡುವವರ ಮುಂದೆ ಹೇಳುವುದು ಹೇಗೆ? ಮದುವೆ ಮಾತುಕತೆಯ ದಿನ ಅವನು "ಮೇಲ್ಮೈ ಪರೀಕ್ಷಾಧಿಕಾರಿ" ಎಂದಿದ್ದ. ಅರ್ಥ ಯಾರಿಗೂ ಆಗಲಿಲ್ಲ, ಆದ್ದರಿಂದ ಎಲ್ಲರಿಗೂ ಒಪ್ಪಿಗೆಯಾಯಿತು. ಹೆಂಡತಿಗೆ ಮೊದಲ ವಾರವೇ ಅವನ ಮೊಣಕಾಲು ನೋಡಿ ನಿಜ ಗೊತ್ತಾಗಿತ್ತು. ಒಂದು ದಿನ ಪೂರ್ತಿ ನಕ್ಕು, ಮಾರನೇ ದಿನದಿಂದ ಅವಳು ಗುಟ್ಟು ಕಾಪಾಡಿಕೊಂಡು ಬಂದಳು. ಗುಟ್ಟು ಗೊತ್ತಿಲ್ಲದಿದ್ದುದು ಅದೇ ಮನೆಯ ಕೆಳಗಿನ ಮಹಡಿಯಲ್ಲಿದ್ದ ಅತ್ತೆಗೆ ಮಾತ್ರ.

ಅತ್ತೆಗೆ ಅಳಿಯನ ಮೇಲೆ ಅನುಮಾನವಿತ್ತು. "ಅಧಿಕಾರಿ ಅಂತಾರೆ, ಸರಿ. ಕುರ್ಚಿ ಮೇಲೆ ಕೂರೋ ಅಧಿಕಾರಿ ಮೊಣಕಾಲಿಗೆ ದಿನಾ ಎಣ್ಣೆ ಯಾಕೆ ತಿಕ್ಕೋತಾರೆ?" ಎಂದು ಮಗಳನ್ನು ಕೇಳುತ್ತಿದ್ದರು. ಮಗಳು "ಕೆಲಸದ ಒತ್ತಡ ಅಮ್ಮ" ಅನ್ನುತ್ತಿದ್ದಳು. ಒತ್ತಡ ಮೊಣಕಾಲಿಗೇ ಯಾಕೆ ಇಳಿಯುತ್ತದೆ ಎಂಬುದು ಅತ್ತೆಗೆ ಬಗೆಹರಿಯಲಿಲ್ಲ.

ಇಷ್ಟರ ನಡುವೆ ಅತ್ತೆ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಕೈ ಕೂಡಿತು, ಧೈರ್ಯ ಕೂಡಲಿಲ್ಲ. ಅಲ್ಲಿಂದ ಮುಂದೆ ಅವರು ಸ್ನಾನಕ್ಕೆ ಹೋಗುವುದೆಂದರೆ ಯುದ್ಧಕ್ಕೆ ಹೋದ ಹಾಗೆ. ಗೋಡೆ ಹಿಡಿದು, ಬಕೆಟ್ಟು ಹಿಡಿದು, ಮಗಳನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು, ಮೈಗೆ ನೀರು ಬಿದ್ದಿತೋ ಇಲ್ಲವೋ ಅನ್ನುವಷ್ಟರಲ್ಲಿ ಹೊರಗೆ. ನೆಲ ಬದಲಾಯಿಸಬೇಕೆಂದು ಹಟ ಹಿಡಿದಿದ್ದರು. ಯಾವ ಅಂಗಡಿಯವನು "ಇದು ಜಾರಲ್ಲ ಅಮ್ಮ" ಅಂದರೂ ನಂಬುತ್ತಿರಲಿಲ್ಲ. ಅಷ್ಟರಲ್ಲಿ ಒಂದು ದಿನ ಮಗಳ ಬಾಯಿ ಜಾರಿತು. ಗಂಡನ ಕಚೇರಿಗೆ ಬಚ್ಚಲುಮನೆಯ ಹೊಸ ಟೈಲ್ಸ್ ಪರೀಕ್ಷೆಗೆ ಬಂದಿದೆಯಂತೆ ಅಂದುಬಿಟ್ಟಳು.

"ಹಾಗಾದ್ರೆ ನಾನೇ ಬಂದು ಕಣ್ಣಾರೆ ನೋಡ್ತೀನಿ" ಎಂದರು ಅತ್ತೆ.

ಬೇಡ ಅನ್ನಲು ಜಾರುಬಂಡೆಗೆ ಕಾರಣ ಸಿಗಲಿಲ್ಲ. ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಬೇರೆ "ಗಾಜಿನ ಆಚೆ ಕೂತು ನೋಡಲಿ ಬಿಡಿ, ಪಾಪ" ಎಂದು ಒಪ್ಪಿಬಿಟ್ಟರು. ಪರೀಕ್ಷೆಯ ದಿನ ಗಾಜಿನಾಚೆ ಒಂದು ಕುರ್ಚಿಯಲ್ಲಿ ಅತ್ತೆ, ಇನ್ನೊಂದರಲ್ಲಿ ಟೈಲ್ಸ್ ಕಂಪನಿಯ ಮಾಲೀಕ. ಮಾಲೀಕರದ್ದು ದೊಡ್ಡ ದೇಹ, ಅದಕ್ಕಿಂತ ದೊಡ್ಡ ಗಂಟಲು. ದಿನಾ ಎರಡನೆಯವನಾಗಿ ನಡೆಯುತ್ತಿದ್ದ ಸಹೋದ್ಯೋಗಿ, ಎಲ್ಲರೂ ಕಡ್ಡಿ ಎಂದು ಕರೆಯುವ ಬಡಕಲು ಮನುಷ್ಯ, ಅವತ್ತು ಜ್ವರವೆಂದು ರಜೆ ಹಾಕಿದ್ದ.

ಅತ್ತೆಯ ಕಣ್ಣೆದುರು ಧಡಾರನೆ ಬಿದ್ದು ನೇತಾಡುವುದನ್ನು ನೆನೆದೇ ಜಾರುಬಂಡೆಗೆ ಬೆವರು ಕಿತ್ತುಕೊಂಡಿತು. ಬಿದ್ದರೂ ಮರ್ಯಾದೆಯಾಗಿ ಬೀಳೋಣ, ತೀರಾ ಕೆಳಕ್ಕೆ ಹೋಗದಿರಲಿ ಎಂದು ಹಗ್ಗವನ್ನು ಒಂದು ಕೊಂಡಿ ಮೇಲಕ್ಕೆ ಸಿಕ್ಕಿಸಿಕೊಂಡ. ಆ ಗಾಬರಿಯಲ್ಲಿ ಸಿಕ್ಕಿಸಿದ್ದನ್ನು ಮರೆತೂ ಬಿಟ್ಟ.

ಹಲಗೆ ಏಳತೊಡಗಿತು. ಹತ್ತು ಡಿಗ್ರಿ, ಹದಿನೈದು, ಇಪ್ಪತ್ತು. ಜಾರುಬಂಡೆ ನಡೆಯುತ್ತಲೇ ಇದ್ದ. ಇಪ್ಪತ್ತೈದಕ್ಕೆ ಮೇಡಂ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಮೂವತ್ತೆರಡಕ್ಕೆ ಬಂದಾಗ ಅವನಿಗೇ ಭಯವಾಗಿ ಹೆಜ್ಜೆ ತಪ್ಪಿ ಜಾರಿದ. ಅದೂ ಎಂಥ ಜಾರುವಿಕೆ, ಯಾರೋ ಕೈ ಹಿಡಿದು ಕೂರಿಸಿದ ಹಾಗೆ. ಮಾಲೀಕರು ಕುರ್ಚಿಯಿಂದ ಎದ್ದರೋ ಹಾರಿದರೋ ಗೊತ್ತಾಗಲಿಲ್ಲ.

"ನೋಡಿದ್ರಾ ಮೇಡಂ? ನನ್ನ ಟೈಲ್ಸ್ ಮೇಲೆ ನೊಣಾನೂ ಜಾರಲ್ಲ. ಕೊಡಿ ಪ್ರಮಾಣಪತ್ರ."

"ಇನ್ನೂ ಇಲ್ಲ ಸರ್" ಎಂದರು ಮೇಡಂ. "ಇದು ಒಬ್ಬರು ಒಂದು ಸಲ ನಡೆದಿದ್ದು. ಇನ್ನೊಬ್ಬರು ನಡೀಬೇಕು. ಬೇರೆ ಊರಿನ ಪ್ರಯೋಗಾಲಯಕ್ಕೂ ಕಳಿಸ್ತೀನಿ. ಅಲ್ಲಿಯವರ ಕಾಲಿಗೂ ಇದೇ ಅಂಕ ಬಂದ್ರೆ ಆಗ ಅದು ಟೈಲ್ಸಿನ ಗುಣ. ಬರದಿದ್ರೆ ಇವತ್ತು ನಾವು ನೋಡಿದ್ದು ಬೇರೆ ಏನೋ."

"ಬೇರೆ ಏನಿರುತ್ತೆ? ನಾನು ಕಂಡೆ, ಈ ಅಮ್ಮನೂ ಕಂಡ್ರು" ಎಂದರು ಮಾಲೀಕರು. ಅಮ್ಮ ಕಂಡದ್ದು ಮಾತ್ರವಲ್ಲ, ಅಲ್ಲೇ ಬಚ್ಚಲುಮನೆಯ ಅಳತೆ ಹೇಳಿ ಟೈಲ್ಸ್ ಕಳಿಸಲು ಒಪ್ಪಿಸಿಯೂ ಬಿಟ್ಟರು.

ಮನೆಯಲ್ಲಿ ಅವತ್ತಿನಿಂದ ಗಾಳಿ ಬೇರೆ ದಿಕ್ಕಿಗೆ ಬೀಸಿತು. ಅದುವರೆಗೆ "ನಿಮ್ಮ ಯಜಮಾನರು" ಎಂದು ಮಗಳಿಗೆ ಹೇಳುವಾಗ ಮೂಗು ಮುರಿಯುತ್ತಿದ್ದ ಅತ್ತೆ ಈಗ "ನಮ್ಮ ಅಳಿಯಂದಿರು" ಅನ್ನತೊಡಗಿದರು. ಮೊದಲ ಲೋಟ ಚಹಾ ಅಳಿಯಂದಿರಿಗೆ. ಪತ್ರಿಕೆ ಮೊದಲು ಅಳಿಯಂದಿರ ಕೈಗೆ. ಬೀದಿಯಲ್ಲಿ ಸಿಕ್ಕವರಿಗೆಲ್ಲ, "ನೆಲ ಗೋಡೆ ಥರ ನಿಂತಿತ್ತು ಕಣ್ರೀ, ಇವರು ಅದರ ಮೇಲೆ ಸಂಜೆ ವಾಕಿಂಗ್ ಹೋದ ಹಾಗೆ ಹೋಗ್ತಿದ್ರು" ಎಂದು ಕೈ ಮಾಡಿ ತೋರಿಸುತ್ತಿದ್ದರು. ದಿನದಿಂದ ದಿನಕ್ಕೆ ಅವರ ಕೈ ಇನ್ನಷ್ಟು ನೆಟ್ಟಗಾಗುತ್ತಾ ಬಂತು.

ಜಾರುಬಂಡೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇದರಲ್ಲಿ ಟೈಲ್ಸಿನ ಪಾಲೆಷ್ಟು, ತನ್ನ ಪಾದದ ಪಾಲೆಷ್ಟು ಎಂದು ಯೋಚಿಸತೊಡಗಿದ. ರಾತ್ರಿ ಊಟವಾದ ಮೇಲೆ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ದೀಪದ ಬೆಳಕಿನಲ್ಲಿ ತಿರುಗಿಸಿ ತಿರುಗಿಸಿ ನೋಡಿದ. ಎದುರುಮನೆಯ ನಿವೃತ್ತ ಹೆಡ್‌ಮಾಸ್ಟರು ಬಂದು ಅವರೂ ನೋಡಿದರು.

"ಹಿಮ್ಮಡಿ ಅಗಲವಾಗಿದೆ, ವಿಶೇಷ ಇದೆ ಇದರಲ್ಲಿ" ಎಂದು ತೀರ್ಪು ಕೊಟ್ಟರು. ಕ್ಷೌರದಂಗಡಿಯವನು ತಾನು ಅದರ ಹಿಂದಿನ ದಿನ ಕೂದಲು ಕತ್ತರಿಸಿದ್ದರಿಂದ ತಲೆ ಹಗುರಾಗಿ ತೂಕ ಸರಿಹೋಯಿತು ಎಂದ. ಹೆಂಡತಿ ಮಾತ್ರ, "ಆ ಕಾಲು ತೊಳೆದು ಹಾಸಿಗೆಗೆ ಬನ್ನಿ" ಎಂದಳು.

ಹೀಗಿರುವಾಗ ಬೇರೆ ಊರಿನಿಂದ ಫೋನು ಬಂತು. ಅಲ್ಲಿ ಇಬ್ಬರು ನಡೆದಿದ್ದರು. ಇಬ್ಬರೂ ಹನ್ನೊಂದಕ್ಕೇ ಬಿದ್ದಿದ್ದರು. ಬಚ್ಚಲುಮನೆಯ ನೆಲಕ್ಕೆ ಅಷ್ಟು ಸಾಲದು.

ಮಾಲೀಕರು ಅರ್ಧ ಗಂಟೆಯೊಳಗೆ ಪ್ರಯೋಗಾಲಯದಲ್ಲಿದ್ದರು. "ಹನ್ನೊಂದಾ? ಅವರಿಗೆ ನಡೆಯೋಕೇ ಬರಲ್ಲ ಅನ್ನಿ. ನಮ್ಮವರನ್ನ ಇನ್ನೊಂದು ಸಲ ಹತ್ತಿಸಿ." ಜ್ವರ ಬಿಟ್ಟು ಬಂದಿದ್ದ ಕಡ್ಡಿ ಎಂದಿನಂತೆ ಹಗ್ಗ ಸಿಕ್ಕಿಸಿಕೊಂಡು ಮೊದಲು ಹತ್ತಿದ, ಹನ್ನೊಂದಕ್ಕೆ ಬಿದ್ದ. ಜಾರುಬಂಡೆ ಪ್ಯಾಂಟು ಮಡಚಿ, ಪಾದವನ್ನೊಮ್ಮೆ ಗೌರವದಿಂದ ನೋಡಿ ಹತ್ತಿದ. ಹನ್ನೊಂದಕ್ಕೆ ಧಡಾರೆಂದು ಬಿದ್ದ. ಈ ಸಲ "ಬರ್ಕೊಳ್ಳಿ" ಅನ್ನಲಿಲ್ಲ.

"ಅವತ್ತಿನದು ಇವತ್ತು ಯಾಕೆ ಬರ್ತಿಲ್ಲ?" ಎಂದರು ಮೇಡಂ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಪೊಟ್ಟಣದೊಳಗೆ ಏನಿದೆ ಎಂದು ಕೇಳುವವರ ದನಿ ಅದು. ಆ ಕುತೂಹಲ ಜಾರುಬಂಡೆಗೂ ಅಂಟಿಕೊಂಡಿತು. ನಿಜಕ್ಕೂ ಯಾಕೆ?

ಉತ್ತರ ಕೊಟ್ಟವರು ಮಾಲೀಕರು. "ಅವತ್ತಿನ ದಿನಾನ ಹಾಗೇ ತಂದಿಟ್ರೆ ಅವತ್ತಿನ ಅಂಕಾನೂ ಬರುತ್ತೆ. ಎಲ್ಲಾ ಅದೇ ಥರ ಮಾಡಿ."

ಜಾರುಬಂಡೆ ಇದನ್ನು ವೇದವಾಕ್ಯವೆಂದು ತಿಳಿದ. ಮಾರನೇ ದಿನ ಬೆಳಿಗ್ಗೆ ಅವತ್ತಿನ ಅಂಗಿಯನ್ನೇ ಹಾಕಿಕೊಂಡ. ಅವತ್ತು ಹೊರಡುವಾಗ ಹೆಂಡತಿ ಗ್ಯಾಸ್ ಸಿಲಿಂಡರಿಗೆ ಹೇಳಲಿಲ್ಲವೆಂದು ಬೈದಿದ್ದಳು.

"ಇವತ್ತೂ ಬಯ್ಯಿ" ಎಂದ.

"ಸಿಲಿಂಡರ್ ಬಂದಾಯ್ತಲ್ರೀ."

"ಬಂದಿಲ್ಲ ಅನ್ಕೊಂಡು ಬಯ್ಯಿ. ವಿಜ್ಞಾನಕ್ಕೋಸ್ಕರ."

ಅವಳು ಬೈದಳು. ಆದರೆ ಹಳೆಯ ಸಿಟ್ಟಿಗೆ ಹೊಸ ಸಿಟ್ಟೂ ಸೇರಿ ಬೈಗುಳ ಅಳತೆ ಮೀರಿ ಹೋಯಿತು. ಅತ್ತೆಯನ್ನು ಕರೆದರೆ, "ಮೇಸ್ತ್ರಿ ಬಂದು ನೆಲ ಹಾಕ್ತಿದ್ದಾನೆ, ಇವತ್ತು ಮುಗಿಯುತ್ತೆ, ನಾನು ಕದಲಲ್ಲ" ಎಂದರು. ಅವರ ಬದಲಿಗೆ ಹೆಡ್‌ಮಾಸ್ಟರಿಗೆ ಅತ್ತೆಯ ಶಾಲು ಹೊದಿಸಿ ಕರೆದೊಯ್ದು ಅದೇ ಕುರ್ಚಿಯಲ್ಲಿ ಕೂರಿಸಿದ. ಮಾಲೀಕರು ಅವತ್ತಿನ ಅಂಗಿಯಲ್ಲೇ ಬಂದಿದ್ದರು. ಕಡ್ಡಿಗೆ ಮತ್ತೆ ಜ್ವರ ಬರಿಸುವುದೊಂದು ಆಗಲಿಲ್ಲ. ಅವನನ್ನು ಹೊರಗೆ ಅಂಗಳದಲ್ಲಿ ನಿಲ್ಲಿಸಿದರು.

ಮೇಡಂ ಈ ಮೆರವಣಿಗೆಯನ್ನು ನೋಡಿ ತಲೆ ಮೇಲೆ ಕೈಯಿಟ್ಟುಕೊಂಡರು. "ಬೇರೆಯವರು, ಬೇರೆ ಕಡೆ, ಬೇರೆ ದಿನ ಮಾಡಿದ್ರೂ ಅದೇ ಬರಬೇಕು ಅನ್ನೋದೇ ಪರೀಕ್ಷೆಯ ಅರ್ಥ ಕಣ್ರೀ. ಅತ್ತೆ ಎದುರಿಗೆ ಕೂತಿದ್ರೆ ಮಾತ್ರ ಜಾರಲ್ಲ ಅಂತ ಪೆಟ್ಟಿಗೆ ಮೇಲೆ ಬರೆಯೋಕಾಗುತ್ತಾ?"

"ಬರೀಬಹುದು" ಎಂದರು ಮಾಲೀಕರು, ಸ್ವಲ್ಪ ಯೋಚಿಸಿ.

ಹಲಗೆ ಎದ್ದಿತು. ಶಾಲು ಹೊದ್ದ ಹೆಡ್‌ಮಾಸ್ಟರು ಅತ್ತೆಯ ಗತ್ತಿನಲ್ಲಿ ಹುಬ್ಬೇರಿಸಿ ಕೂತಿದ್ದರು. ಹನ್ನೊಂದಕ್ಕೆ ಜಾರುಬಂಡೆಯ ಕಾಲು ಕೈಕೊಟ್ಟಿತು. ಕೆಳಕ್ಕೆ ಹೋದ, ಹಗ್ಗ ಜಗ್ಗಿತು, ಮೊಣಕಾಲು ಹಲಗೆಗೆ ಬಡಿಯಿತು. ನೇತಾಡುತ್ತಾ ಮೇಲೆ ನೋಡಿದ. ಇಷ್ಟು ಕೆಳಕ್ಕೆ ಅವತ್ತು ಬಂದಿರಲಿಲ್ಲವಲ್ಲ. ಮೊಣಕಾಲೂ ಬಡಿದಿರಲಿಲ್ಲ. ಕಣ್ಣು ಹಗ್ಗದ ಜೊತೆಗೇ ಮೇಲೇರಿ ಕೊಂಡಿಯ ಮೇಲೆ ನಿಂತಿತು.

"ನನ್ನನ್ನ ಈಗಲೇ ಇಳಿಸಬೇಡಿ" ಎಂದ. "ಕಡ್ಡೀನ ಕರೀರಿ."

ಕಡ್ಡಿ ಬಂದ. ಜಾರುಬಂಡೆ ಕೆಳಗಿಳಿದು, ಹಗ್ಗವನ್ನು ಒಂದು ಕೊಂಡಿ ಮೇಲಕ್ಕೆ ಸಿಕ್ಕಿಸಿ ಅವನನ್ನು ಹತ್ತಿಸಿದ. ಕಡ್ಡಿ ಹದಿನೈದು ದಾಟಿದ, ಇಪ್ಪತ್ತು ದಾಟಿದ, ಮೂವತ್ತನ್ನೂ ದಾಟಿದ. ಬಿಗಿಯಾದ ಹಗ್ಗ ಅವನ ಭಾರವನ್ನೆಲ್ಲ ಎತ್ತಿ ಹಿಡಿದಿತ್ತು. ಕಾಲು ಟೈಲ್ಸನ್ನು ಸವರುತ್ತಿತ್ತು ಅಷ್ಟೇ. ಮತ್ತೆ ಕೊಂಡಿ ಇಳಿಸಿದರು, ಹನ್ನೊಂದಕ್ಕೆ ಬಿದ್ದ. ಏರಿಸಿದರು, ಮೂವತ್ತು. ಜಾರುಬಂಡೆಗೆ ಎಷ್ಟು ಖುಷಿಯಾಯಿತೆಂದರೆ ಕಡ್ಡಿಯನ್ನು ಅಪ್ಪಿಕೊಂಡೇ ಬಿಟ್ಟ. "ಸಿಕ್ತು ಮೇಡಂ. ನಡೆದಿದ್ದು ನಾನಲ್ಲ, ಹಗ್ಗ."

"ಹಗ್ಗ ಮೇಲಕ್ಕೆ ಸಿಕ್ಕಿಸಿದ್ದು ಯಾರು?" ಎಂದು ಕೇಳಿದರು ಮೇಡಂ.

ಖುಷಿ ಅಲ್ಲಿಗೆ ಇಳಿಯಿತು. "ನಾನೇ" ಎಂದ. "ಅತ್ತೆ ಮುಂದೆ ಬೀಳೋಕೆ ನಾಚಿಕೆ ಆಯ್ತು." ಮೇಡಂ ಮೂವತ್ತೆರಡರಲ್ಲಿ ಹನ್ನೊಂದು ಕಳೆದು, "ನಾಚಿಕೆಗೆ ಇಪ್ಪತ್ತೊಂದು ಡಿಗ್ರಿ" ಎಂದಷ್ಟೇ ಹೇಳಿದರು. ಮಾಲೀಕರು ಬಾಯಿ ತೆರೆಯುವ ಮೊದಲೇ ಜಾರುಬಂಡೆಗೆ ಇನ್ನೊಂದು ಹೊಳೆಯಿತು. ಮೇಸ್ತ್ರಿಯ ಕೆಲಸ ಇವತ್ತು ಮುಗಿಯುತ್ತದೆ. ಅತ್ತೆ ಇವತ್ತು ಗೋಡೆ ಹಿಡಿಯದೆ ಸ್ನಾನಕ್ಕೆ ಹೋಗುತ್ತಾರೆ. ಹನ್ನೊಂದರ ನೆಲದ ಮೇಲೆ, ಮೂವತ್ತೆರಡರ ಧೈರ್ಯದಿಂದ.

ಬರಿಗಾಲಲ್ಲೇ ಓಡಿದ. ಹಿಂದೆ ಶಾಲು ಹೊದ್ದ ಹೆಡ್‌ಮಾಸ್ಟರು, ಅವರ ಹಿಂದೆ "ಯಾರಿಗೂ ಹೇಳಬೇಡಿ, ಕೂತು ಮಾತಾಡೋಣ" ಎಂದು ಕೂಗುತ್ತಾ ಮಾಲೀಕರು.

ಮನೆಗೆ ಬಂದಾಗ ಅತ್ತೆ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಬಚ್ಚಲುಮನೆಯ ಹೊಸ್ತಿಲಲ್ಲಿದ್ದರು. ಒಳಗೆ ಹೊಸ ನೆಲ ನೀರಲ್ಲಿ ಫಳಫಳ ಹೊಳೆಯುತ್ತಿತ್ತು. ಜಾರುಬಂಡೆ ಬಾಗಿಲಿಗೆ ಅಡ್ಡ ನಿಂತ. "ಅತ್ತೆ, ಕಾಲಿಡಬೇಡಿ. ಇದು ಜಾರುತ್ತೆ."

"ನೀವೇ ನಡೆದಿದ್ದನ್ನ ನಾನು ನೋಡಿದ್ದೀನಿ."

"ಅದು ಸುಳ್ಳು ಅತ್ತೆ. ಹಗ್ಗ ನನ್ನನ್ನ ಹಿಡ್ಕೊಂಡಿತ್ತು. ನಾನು ಅಧಿಕಾರಿನೂ ಅಲ್ಲ. ಬೀಳೋದೇ ನನ್ನ ಕೆಲಸ. ದಿನಾ ಬೀಳ್ತೀನಿ, ಅದಕ್ಕೇ ಮೊಣಕಾಲಿಗೆ ಎಣ್ಣೆ. ನಿಮ್ಮ ಮುಂದೆ ಬೀಳಬಾರದು ಅಂತ ಹಗ್ಗ ಗಿಡ್ಡ ಮಾಡ್ಕೊಂಡೆ." ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿ, ಕಣ್ಣು ಒದ್ದೆ ಮಾಡಿಕೊಂಡು ನಿಂತ. ಮಹಡಿಯಿಂದ ಇಳಿದು ಬಂದ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು.

ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಅವತ್ತು ಜಾರಲ್ಲ ಅಂತ ತೋರಿಸಿದವರೂ ನೀವೇ, ಇವತ್ತು ಜಾರುತ್ತೆ ಅನ್ನೋರೂ ನೀವೇ. ಯಾವ ನಿಮ್ಮನ್ನ ನಂಬಲಿ?"

"ಈಗ ತೋರಿಸ್ತೀನಿ" ಎಂದು ಜಾರುಬಂಡೆ ಸೋಪಿನ ನೀರು ಚೆಲ್ಲಿ, ಪ್ರಯೋಗಾಲಯದ ಪುಟ್ಟ ಹೆಜ್ಜೆ ಬಿಟ್ಟು ಎಲ್ಲರ ಹಾಗೆ ದೊಡ್ಡ ಹೆಜ್ಜೆ ಹಾಕುತ್ತಾ ಒಳಗೆ ಕಾಲಿಟ್ಟ. ಎರಡನೇ ಹೆಜ್ಜೆಗೆ ಅಂಗಾತ ಬಿದ್ದ. ಅತ್ತೆ ಕದಲಲಿಲ್ಲ.

"ಬೀಳೋದೇ ಕೆಲಸ ಅಂದ್ರಲ್ಲ. ಅಭ್ಯಾಸ ಇರೋರು ಬಿದ್ರೆ ಅದೇನು ದೊಡ್ಡ ವಿಷಯ? ಬೇರೆಯವರು ಬೀಳಲಿ, ನೋಡೋಣ."

ಹೆಂಡತಿ ಮನೆಯಲ್ಲಿದ್ದ ರಜಾಯಿ ದಿಂಬುಗಳನ್ನೆಲ್ಲ ತಂದು ಗೋಡೆಗೆ ಒರಗಿಸಿದಳು. ಹೆಡ್‌ಮಾಸ್ಟರು ಮುಂದೆ ಬಂದರು. "ನಡಿಗೆ ಅನ್ನೋದು ಶಿಸ್ತು. ಬೆನ್ನು ನೇರ, ದೃಷ್ಟಿ ಮುಂದೆ, ಹೆಬ್ಬೆರಳ ಮೇಲೆ ಭಾರ" ಎನ್ನುತ್ತಾ ಒಳಗೆ ಹೋದವರು ಭಾರ ಎಂಬಲ್ಲಿಗೆ ದಿಂಬಿನ ಮೇಲಿದ್ದರು. "ಇವರಿಗೆ ವಯಸ್ಸಾಗಿದೆ" ಎಂದರು ಅತ್ತೆ. ಮಗಳು ಸೆರಗು ಸಿಕ್ಕಿಸಿ ಕಾಲಿಟ್ಟಳು, ಸುಯ್ಯೆಂದು ಆಚೆ ಗೋಡೆಗೆ ಹೋಗಿ ಕೂತಳು. "ಇವಳು ಗಂಡನ ಪಕ್ಷ" ಎಂದರು ಅತ್ತೆ.

ಅಷ್ಟರಲ್ಲಿ ಏದುಸಿರು ಬಿಡುತ್ತಾ ಮಾಲೀಕರು ಬಂದರು. "ಅಮ್ಮಾ, ಇವರ ಮಾತಿಗೆ ಸೊಪ್ಪು ಹಾಕಬೇಡಿ. ಬೀಳಬೇಕು ಅಂತ ಬೀಳ್ತಿದ್ದಾರೆ. ನನ್ನ ಟೈಲ್ಸು, ನನ್ನ ಕಾಲು, ನೋಡ್ತಿರಿ" ಎಂದು ಚಪ್ಪಲಿ ಬಿಟ್ಟು, ಎರಡೂ ಕೈ ಸೊಂಟಕ್ಕಿಟ್ಟುಕೊಂಡು ಒಳಗೆ ನುಗ್ಗಿದರು. ಆ ಸದ್ದಿಗೆ ಮೇಲಿನ ಮನೆಯ ಪಾತ್ರೆಗಳು ಅಲುಗಾಡಿದವು. ಪುಣ್ಯಕ್ಕೆ ಮನೆಯಲ್ಲಿದ್ದ ದಿಂಬುಗಳಲ್ಲಿ ಹೆಚ್ಚಿನವು ಅದೇ ಮೂಲೆಯಲ್ಲಿದ್ದವು.

ಎಲ್ಲರೂ ಅತ್ತೆಯ ಮುಖ ನೋಡಿದರು. ಅತ್ತೆ ಹೆಗಲಿನ ಟವೆಲ್ಲು ತೆಗೆದು ಮಗಳ ಕೈಗೆ ಕೊಟ್ಟರು.

"ಈಗ ನಂಬಿದೆ" ಎಂದರು. "ಇವರಿಗೆ ಬಿದ್ದು ಆಗಬೇಕಾದ ಲಾಭ ಏನೂ ಇಲ್ಲ." ಆಮೇಲೆ ಅಂಗಳದಲ್ಲಿ ಕೈ ತೊಳೆಯುತ್ತಿದ್ದ ಮೇಸ್ತ್ರಿಯನ್ನು ಕರೆದು, "ಕಿತ್ತು ಹಾಕಪ್ಪ ಇದನ್ನ" ಎಂದರು. ದಿಂಬುಗಳ ನಡುವಿನಿಂದ ಮಾಲೀಕರು ಒಂದು ಕೈ ಎತ್ತಿ ಒಪ್ಪಿಗೆ ಸೂಚಿಸಿದರು.

ಮರುದಿನ ಪ್ರಯೋಗಾಲಯದಲ್ಲಿ ಹಗ್ಗಕ್ಕೆ ಒಂದೇ ಕೊಂಡಿ ಉಳಿಯಿತು. ಜಾರುಬಂಡೆಯ ಮುಂದಿನ ಬಡ್ತಿ ಒಂದು ವರ್ಷ ಮುಂದಕ್ಕೆ ಹೋಯಿತು. ಮೇಡಂ ಹಾಗೆ ಹೇಳಿದಾಗ ಅವನಿಗೆ ಬೇಸರವೇನೋ ಆಯಿತು, ಆದರೆ ನ್ಯಾಯ ಅನ್ನಿಸಿತು. ಮನೆಯಲ್ಲಿ ಅತ್ತೆ ಒಂದು ವಾರ ಅವನೊಡನೆ ಮಾತಾಡಲಿಲ್ಲ. ಚಹಾ ಎಲ್ಲರದ್ದೂ ಆದ ಮೇಲೆ ಬರುತ್ತಿತ್ತು, ಅದೂ ಆರಿದ್ದು. ಮುಗಿಯಿತು ನನ್ನ ಕಥೆ, ಇನ್ನು ಈ ಮನೆಯಲ್ಲಿ ನಾನು ಬಿದ್ದವನು ಬಿದ್ದವನೇ ಎಂದುಕೊಂಡು ಅವನು ಮುಖ ಹುಳ್ಳಗೆ ಮಾಡಿಕೊಂಡು ಓಡಾಡುತ್ತಿದ್ದ.

ಭಾನುವಾರ ಬೆಳಿಗ್ಗೆ ಅತ್ತೆ ಬಾಗಿಲಲ್ಲಿ ನಿಂತು, "ಹೊರಡಿ ಅಳಿಯಂದ್ರೇ, ಅಂಗಡಿಗೆ" ಎಂದರು. ಕಾರಣ ಕೇಳುವ ಧೈರ್ಯವಾಗದೆ ಹಿಂದೆ ಹೋದ. ಟೈಲ್ಸ್ ಅಂಗಡಿಯವನು ಒಂದೊಂದಾಗಿ ತೆಗೆದು ತೋರಿಸುತ್ತಾ, "ಇದಂತೂ ಜಾರೋ ಮಾತೇ ಇಲ್ಲ ಅಮ್ಮ" ಎಂದ. ಅತ್ತೆ ಅವುಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸಲು ಹೇಳಿದರು. ಚೀಲದಿಂದ ಸೋಪಿನ ನೀರಿನ ಬಾಟಲಿ ತೆಗೆದು ಧಾರಾಳವಾಗಿ ಸುರಿದರು.

"ಚಪ್ಪಲಿ ಬಿಡಿ ಅಳಿಯಂದ್ರೇ."

ಅಂಗಡಿಯವನು ಕಣ್ಣು ಕಣ್ಣು ಬಿಟ್ಟ. "ಇವರು ಯಾರಮ್ಮ? ಇಂಜಿನಿಯರ್ರಾ?"

ಜಾರುಬಂಡೆ ಹಳೆಯ ಅಭ್ಯಾಸದಂತೆ ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಅತ್ತೆಯೇ ಹೇಳಿದರು: "ಬೀಳೋ ಕೆಲಸ ಮಾಡ್ತಾರೆ. ಎಲ್ಲರ ಥರ ಸುಮ್ಮಸುಮ್ಮನೆ ಬೀಳೋರಲ್ಲ. ನಮ್ಮ ಅಳಿಯಂದಿರು ಬಿದ್ದ ಕಡೆ ಯಾರು ಬೇಕಾದ್ರೂ ಬೀಳ್ತಾರೆ."